ಚಿಕ್ಕಪ್ಪನ ಕಾರಿಗೆ ಹದಿನೆಂಟು ಇಂಚಿನ ಆಸೆ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಚಿಕ್ಕಪ್ಪ ಎಲೆಕ್ಟ್ರಿಕ್ ಎಸ್‌ಯುವಿ ತಗೊಂಡು ಮೂರು ತಿಂಗಳಾಗಿತ್ತು. ಮನೆ ಶ್ರೀರಂಗಪಟ್ಟಣದಲ್ಲಿ, ಬೀಜ–ಗೊಬ್ಬರದ ಅಂಗಡಿ ಪಾಂಡವಪುರದಲ್ಲಿ. ವಾರಕ್ಕೆ ಎರಡು ಸಲ ಕೆ.ಆರ್.ಪೇಟೆ, ನಾಗಮಂಗಲದ ಕಡೆ ಬಾಕಿ ವಸೂಲಿಗೆ, ಆರ್ಡರ್‌ಗೆ ಅಂತ ಒಂದು ಸುತ್ತು. ಪೆಟ್ರೋಲ್ ಖರ್ಚು ಉಳಿಯುತ್ತೆ ಅನ್ನೋ ಲೆಕ್ಕದಲ್ಲೇ ಸಾಲ ಮಾಡಿ ಗಾಡಿ ತಂದಿದ್ದು. ಚಿಕ್ಕಪ್ಪನ ಮಗನಿಗೆ ಮಾತ್ರ ಒಂದೇ ಕೊರಗು: ‘ಗಾಡಿ ಸೂಪರ್, ಆದ್ರೆ ಚಕ್ರ ಸಣ್ಣದಾಗಿ ಕಾಣ್ತದೆ’.

ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿದ. ಕಪ್ಪು ಬಣ್ಣದ ಹದಿನೆಂಟು ಇಂಚಿನ ಅಲಾಯ್, ಅದರ ಸುತ್ತ ತೆಳ್ಳಗೆ ರಬ್ಬರ್. ನಿಜ ಹೇಳಬೇಕೆಂದರೆ ನನಗೂ ಬಾಯಲ್ಲಿ ನೀರೂರಿತು. ಚಿಕ್ಕಪ್ಪ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: ‘ನೀನು ಇಂಜಿನಿಯರಿಂಗ್ ಓದ್ತಿದ್ದೀಯ ಮಗ. ಹಾಕ್ಸಬೋದಾ, ಬೇಡ್ವಾ? ನೀನು ಹೇಳ್ದಂಗೆ ಮಾಡ್ತೀನಿ’.

‘ಹಾಕ್ಸಿ ಚಿಕ್ಕಪ್ಪ, ಏನೂ ಆಗಲ್ಲ’ ಅಂದುಬಿಟ್ಟೆ. ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ನಾಲ್ಕು ರಿಮ್, ನಾಲ್ಕು ಟೈರ್ ಸೇರಿ ಹತ್ತಿರ ಹತ್ತಿರ ಒಂದು ಲಕ್ಷ ಅಂತ ಮೈಸೂರಿನ ಒಂದು ಅಂಗಡಿಯವರು ಹೇಳಿದರು. ಐದು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆವು.

ಚೀಟಿಯಲ್ಲಿದ್ದ ಒಂದು ಅಂಕಿ

ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಟೈರಿನ ಅಳತೆ ಹೀಗಿತ್ತು: 225/45 ಆರ್ 18, 91. ಚಿಕ್ಕಪ್ಪನ ಗಾಡಿ ನೆಕ್ಸಾನ್ ಇವಿ. ಅದರ ಟೈರಿನ ಮೇಲಿದ್ದದ್ದು 215/60 ಆರ್ 16, 95.

ಟೈರಿನ ಮೇಲಿನ ಈ ಅಕ್ಷರ, ಅಂಕಿಗಳನ್ನು ಹುಟ್ಟಿದಾಗಿನಿಂದ ನೋಡಿದ್ದೇವೆ, ಓದಿದವರು ಕಡಿಮೆ. ಓದುವುದು ಕಷ್ಟವೇನಲ್ಲ. 215 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ಆ ಅಗಲದ ನೂರಕ್ಕೆ ಅರವತ್ತು ಭಾಗ ಟೈರಿನ ಪಕ್ಕದ ಗೋಡೆಯ ಎತ್ತರ. ಆರ್ ಅಂದರೆ ರೇಡಿಯಲ್. 16 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಕೊನೆಯ 95 ಇದೆಯಲ್ಲ, ನಾವು ಯಾರೂ ಕಣ್ಣು ಹಾಯಿಸದ ಅಂಕಿ, ಅದು ಲೋಡ್ ಇಂಡೆಕ್ಸ್. ಒಂದು ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವುದರ ಸಂಕೇತ.

ಅದಕ್ಕೊಂದು ಕೋಷ್ಟಕ ಇದೆ, ಜಗತ್ತಿಗೆಲ್ಲ ಒಂದೇ. 95 ಅಂದರೆ 690 ಕೆ.ಜಿ. 91 ಅಂದರೆ 615 ಕೆ.ಜಿ. ಪ್ರತಿ ಟೈರಿಗೆ 75 ಕೆ.ಜಿ. ಕಡಿಮೆ, ನಾಲ್ಕಕ್ಕೆ 300 ಕೆ.ಜಿ. ನೋಡಲು ದೊಡ್ಡದಾಗಿ, ಗಟ್ಟಿಮುಟ್ಟಾಗಿ ಕಾಣುವ ಚಕ್ರ ಹೊರುವುದರಲ್ಲಿ ಹಳೆಯದಕ್ಕಿಂತ ದುರ್ಬಲ!

ಇದು ಯಾವ ಕಾರಿಗಾದರೂ ತಪ್ಪೇ. ಎಲೆಕ್ಟ್ರಿಕ್ ಗಾಡಿಗೆ ಇನ್ನೂ ದೊಡ್ಡ ತಪ್ಪು. ಅದರ ಹೊಟ್ಟೆಯೊಳಗೆ ಬ್ಯಾಟರಿ ಇರುತ್ತದೆ; ಅದೇ ಅಳತೆಯ ಪೆಟ್ರೋಲ್ ಗಾಡಿಗಿಂತ ಅದು ಭಾರ. ಜೊತೆಗೆ ಚಿಕ್ಕಪ್ಪ ಡಿಕ್ಕಿಯಲ್ಲಿ ಬೀಜದ ಚೀಲ ಹಾಕಿಕೊಂಡು ಹೋಗುವವರು. ಇದೇ ಅಳತೆಯಲ್ಲಿ ‘ಎಕ್ಸ್‌ಎಲ್’ ಅಂತ ಬಲವರ್ಧಿತ ಟೈರ್ ಬರುತ್ತದೆ, ಅದರ ಮೇಲೆ 95 ಇರುತ್ತದೆ. ಆದರೆ ಚೀಟಿಯಲ್ಲಿ ಇದ್ದದ್ದು ಅದಲ್ಲ. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕು ಸೆಮಿಸ್ಟರ್ ಮುಗಿಸಿ ಟೈರಿನ ಮೇಲಿನ ಒಂದು ಅಂಕಿ ಓದದೆ ‘ಏನೂ ಆಗಲ್ಲ’ ಅಂದಿದ್ದೆನಲ್ಲ!

ದೊಡ್ಡ ಚಕ್ರ ಹಾಕಿದರೆ ಗಾಡಿ ಎತ್ತರ ಆಗುತ್ತಾ?

ನಮ್ಮ ಕಡೆ ಬಹಳ ಜನ ಹೀಗೇ ನಂಬಿದ್ದಾರೆ. ನಾನೂ ನಂಬಿದ್ದೆ. ಒಂದು ಪೆನ್ನು, ಕಾಗದ ತಗೊಂಡರೆ ಸಾಕು, ನಂಬಿಕೆ ಕರಗುತ್ತದೆ.

215ರ ನೂರಕ್ಕೆ ಅರವತ್ತು ಅಂದರೆ 129 ಮಿ.ಮೀ. ಗೋಡೆ. ಮೇಲೊಂದು, ಕೆಳಗೊಂದು ಸೇರಿ 258. ರಿಮ್ಮಿನ 16 ಇಂಚು ಅಂದರೆ 406. ಒಟ್ಟು ಚಕ್ರದ ವ್ಯಾಸ 664 ಮಿ.ಮೀ. ಈಗ ಹದಿನೆಂಟು ಇಂಚಿನದ್ದು: ಗೋಡೆ 101 ಮಿ.ಮೀ., ಎರಡು ಸೇರಿ 202ಕ್ಕೆ ಸ್ವಲ್ಪ ಹೆಚ್ಚು, ರಿಮ್ 457. ಒಟ್ಟು 660 ಮಿ.ಮೀ. ಗಾಡಿ ಎತ್ತರ ಆಗುವ ಬದಲು ಕೂದಲೆಳೆಯಷ್ಟು ತಗ್ಗುತ್ತದೆ!

ಇದರಲ್ಲಿ ಮೋಸವೇನೂ ಇಲ್ಲ. ಹೊರಗಿನ ವ್ಯಾಸ ಬದಲಾಗಬಾರದು ಅಂತಲೇ ಹೀಗೆ ಅಳತೆ ಹೊಂದಿಸುತ್ತಾರೆ. ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಓಡಿದ ಕಿಲೋಮೀಟರ್ ತಪ್ಪುತ್ತದೆ, ‘ಇನ್ನು ಇಷ್ಟು ದೂರ ಹೋಗಬಹುದು’ ಅನ್ನುವ ರೇಂಜ್ ಲೆಕ್ಕವೂ ಹಾದಿ ತಪ್ಪುತ್ತದೆ. ಕಾರು ತಯಾರಿಸುವವರು ಮಾಡುವುದೂ ಇದನ್ನೇ. ಮಹೀಂದ್ರಾದ ಬಿಇ 6 ನೋಡಿ: 18 ಇಂಚಿಗೆ 245/60, 19ಕ್ಕೆ 245/55, 20ಕ್ಕೆ 245/50. ಲೆಕ್ಕ ಹಾಕಿದರೆ ಮೂರರ ಒಟ್ಟು ವ್ಯಾಸವೂ 751ರಿಂದ 753 ಮಿ.ಮೀ. ಒಳಗೇ ಬರುತ್ತದೆ. ಒಂದೊಂದು ಇಂಚು ಲೋಹ ಹೆಚ್ಚಿದಂತೆ ಗೋಡೆಯಲ್ಲಿ 12 ಮಿ.ಮೀ. ರಬ್ಬರ್ ಕಡಿಮೆ ಆಗುತ್ತದೆ.

ಅಂದರೆ ದೊಡ್ಡ ರಿಮ್ ಕೊಳ್ಳುವುದು ಅಂದರೆ ರಬ್ಬರ್ ಕೊಟ್ಟು ಲೋಹ ತಗೊಳ್ಳುವುದು. ರಬ್ಬರಿನೊಳಗೆ ಇರುವುದು ಗಾಳಿ. ಗುಂಡಿಗೆ ಇಳಿದಾಗ ಮೊದಲ ಏಟು ತಿನ್ನುವುದು ಆ ಗಾಳಿಯೇ. ಚಿಕ್ಕಪ್ಪನ ಗಾಡಿಯಲ್ಲಿ ಆ ಮೆತ್ತೆ 129ರಿಂದ 101 ಮಿ.ಮೀ.ಗೆ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂರುವ ಅಜ್ಜಿಯ ಸೊಂಟಕ್ಕೆ ಆ 28 ಮಿ.ಮೀ. ಎಷ್ಟು ಮುಖ್ಯ ಅನ್ನುವುದನ್ನು ಕೋಷ್ಟಕ ಹೇಳುವುದಿಲ್ಲ.

ನಮ್ಮ ರಸ್ತೆ ಎಂಥದ್ದು?

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಅದರ ಮೇಲೆ ಓಡುವ ಕಾರುಗಳನ್ನು ನೋಡಿ ನಮ್ಮೂರಿನ ಹುಡುಗರಿಗೆ ದೊಡ್ಡ ರಿಮ್ಮಿನ ಹುಚ್ಚು ಹಿಡಿದದ್ದು ಸಹಜ. ಆದರೆ ಚಿಕ್ಕಪ್ಪ ಎಕ್ಸ್‌ಪ್ರೆಸ್‌ವೇ ಹತ್ತುವುದು ತಿಂಗಳಿಗೆ ಒಂದೆರಡು ಸಲ. ಉಳಿದ ದಿನವೆಲ್ಲ ಪಾಂಡವಪುರ, ಚಿನಕುರಳಿ, ಕೆ.ಆರ್.ಪೇಟೆ, ನಾಗಮಂಗಲ, ಜಕ್ಕನಹಳ್ಳಿ, ಮತ್ತೆ ಪಾಂಡವಪುರ.

ಈ ರಸ್ತೆಗಳಲ್ಲಿ ಓಡಾಡಿದವರಿಗೆ ವಿವರಿಸಬೇಕಾಗಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಲೋಡು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ಡಾಂಬರಿನ ಅಂಚು ಕುಸಿಯುತ್ತದೆ. ಎದುರಿಗೆ ಲಾರಿ ಬಂದರೆ ಒಂದು ಕಡೆಯ ಚಕ್ರ ಕೆಳಗಿಳಿಸಲೇಬೇಕು. ಆ ಅಂಚು ಕತ್ತಿಯ ಹಾಗೆ ಇರುತ್ತದೆ. ಊರಿಗೊಂದು ಹಂಪ್, ಅದಕ್ಕೆ ಬಿಳಿ ಪಟ್ಟಿ ಇದ್ದರೆ ಪುಣ್ಯ. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ. ಸೊಪ್ಪಿನ ಕೆಳಗೆ ಗುಂಡಿ ಇದೆಯೋ ಇಲ್ಲವೋ ಇಳಿದ ಮೇಲೇ ಗೊತ್ತಾಗುವುದು.

ನಾನು ಅನುಮಾನದಲ್ಲಿ ತೊಳಲುತ್ತಿದ್ದ ವಾರವೇ ನಮ್ಮ ಕಾಲೇಜಿನ ಸೀನಿಯರ್ ಒಬ್ಬರ ಫೋನ್ ಬಂತು. ಅವರದು ಪೆಟ್ರೋಲ್ ಎಸ್‌ಯುವಿ, ಹೊರಗಡೆಯಿಂದ ಹಾಕಿಸಿದ ಹದಿನೆಂಟು ಇಂಚಿನ ರಿಮ್. ತಾಯಿಯನ್ನು ಕರೆದುಕೊಂಡು ಕೆ.ಆರ್.ಪೇಟೆ ಕಡೆಯಿಂದ ರಾತ್ರಿ ಬರುವಾಗ ಚಿನಕುರಳಿಗೆ ಸ್ವಲ್ಪ ಹಿಂದೆ ಗುಂಡಿಗೆ ಬಿಟ್ಟಿದ್ದಾರೆ. ಟೈರ್ ಗೋಡೆ ಸೀಳಿ, ರಿಮ್ಮಿನ ಅಂಚು ಬೆರಳು ಹೋಗುವಷ್ಟು ಒಳಕ್ಕೆ ಬಾಗಿತ್ತು. ಯಾರಿಗೂ ಏಟಾಗಲಿಲ್ಲ, ದೇವರು ದೊಡ್ಡವನು. ಆದರೆ ಸ್ಟೆಪ್ನಿ ಇದ್ದದ್ದು ಹಳೇ ಅಳತೆಯದ್ದು, ಅದರಲ್ಲೂ ಗಾಳಿ ಇರಲಿಲ್ಲ. ಬೆಳಿಗ್ಗೆ ಎರಡು ಟೈರ್ ಅಂಗಡಿ ಸುತ್ತಿದರೂ ಆ ಅಳತೆ ಸಿಗಲಿಲ್ಲ, ಮೈಸೂರಿನಿಂದಲೇ ತರಿಸಬೇಕಾಯಿತು.

2020ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಪಂಕ್ಚರ್ ಕಿಟ್ಟು, ಟೈರಿನ ಗಾಳಿ ತೋರಿಸುವ ವ್ಯವಸ್ಥೆ ಇದ್ದರೆ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹಾಗಾಗಿ ಬ್ಯಾಟರಿಗೆ ಜಾಗ ಬೇಕಾದ ಕೆಲವು ಎಲೆಕ್ಟ್ರಿಕ್ ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಮೊಳೆ ಚುಚ್ಚಿದರೆ ಕಿಟ್ಟು ಕಾಪಾಡುತ್ತದೆ. ಗೋಡೆ ಸೀಳಿದರೆ, ರಿಮ್ ಬಾಗಿದರೆ ಕಿಟ್ಟಿನಿಂದ ಏನೂ ಆಗದು.

ಬೆಲ್ಲದ ತಕ್ಕಡಿಯಲ್ಲಿ ಚಕ್ರ

ಸೀನಿಯರ್ ಗಾಡಿಯ ಬಾಗಿದ ಚಕ್ರ ಟೈರ್ ಅಂಗಡಿಗೆ ಬಂದಾಗ ನಾನೂ ಹೋಗಿದ್ದೆ. ಚಿಕ್ಕಪ್ಪನ ಗಾಡಿಯನ್ನೂ ಅಲೈನ್‌ಮೆಂಟಿಗೆ ಅಲ್ಲಿಗೇ ತರಿಸಿದೆ. ಪಕ್ಕದಲ್ಲೇ ಬೆಲ್ಲದ ಮಂಡಿ. ಯಜಮಾನರನ್ನು ಕೇಳಿಕೊಂಡು ಎರಡೂ ಚಕ್ರಗಳನ್ನು ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟೆವು. ಹದಿನಾರು ಇಂಚಿನದ್ದು ಟೈರ್ ಸಮೇತ ಹತ್ತೊಂಬತ್ತೂವರೆ ಕೆ.ಜಿ., ಹದಿನೆಂಟು ಇಂಚಿನದ್ದು ಇಪ್ಪತ್ತಮೂರು. ‘ಒಂದು ಅಚ್ಚಿಗೂ ಇನ್ನೊಂದು ಅಚ್ಚಿಗೂ ಇಷ್ಟು ವ್ಯತ್ಯಾಸ ಇದ್ರೆ ನಮ್ಮ ವ್ಯಾಪಾರ ಮುಗೀತು’ ಅಂತ ಯಜಮಾನರು ನಕ್ಕರು.

ಮೂರೂವರೆ ಕೆ.ಜಿ. ಏನು ಮಹಾ ಅನ್ನಿಸಬಹುದು. ಸೀಟಿನ ಮೇಲಿಟ್ಟ ಮೂರೂವರೆ ಕೆ.ಜಿ.ಗೂ ಚಕ್ರದ ಅಂಚಿನಲ್ಲಿರುವ ಮೂರೂವರೆ ಕೆ.ಜಿ.ಗೂ ವ್ಯತ್ಯಾಸ ಇದೆ. ಸೀಟಿನ ಮೇಲಿರುವುದು ಮುಂದಕ್ಕೆ ಹೋದರೆ ಸಾಕು. ಚಕ್ರದ ಅಂಚಿನಲ್ಲಿರುವುದು ಮುಂದಕ್ಕೂ ಹೋಗಬೇಕು, ಗಿರಗಿರ ತಿರುಗಲೂ ಬೇಕು. ಮೊದಲ ವರ್ಷದ ಭೌತವಿಜ್ಞಾನದಲ್ಲಿ ಉರುಳುವ ಬಳೆಯ ಲೆಕ್ಕ ಮಾಡಿದವರಿಗೆ ನೆನಪಿರಬಹುದು: ಅದಕ್ಕೆ ಬೇಕಾಗುವ ಚಲನ ಶಕ್ತಿ ಜಾರುವ ವಸ್ತುವಿಗಿಂತ ಎರಡರಷ್ಟು. ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ರೇಕ್ ಹಾಕಿದಾಗ ಒಂದಷ್ಟು ಶಕ್ತಿ ಬ್ಯಾಟರಿಗೆ ಮರಳುತ್ತದೆ, ನಿಜ. ಪೂರ್ತಿ ಮರಳುವುದಿಲ್ಲ. ಹಂಪಿಗೊಮ್ಮೆ ನಿಧಾನ ಮಾಡಿ ಮತ್ತೆ ಎಳೆಯುವ ನಮ್ಮ ರಸ್ತೆಗಳಲ್ಲಿ ಈ ನಷ್ಟ ದಿನಕ್ಕೆ ನೂರಾರು ಸಲ.

ಅದಕ್ಕಿಂತ ದೊಡ್ಡ ಲೆಕ್ಕ ಟೈರ್ ಉರುಳುವಾಗ ಒಡ್ಡುವ ಪ್ರತಿರೋಧದ್ದು. ಜನ, ಸಾಮಾನು ಸೇರಿ ಗಾಡಿ 1,700 ಕೆ.ಜಿ. ಅಂದುಕೊಳ್ಳಿ. ಪ್ರತಿರೋಧದ ಗುಣಾಂಕ 0.010 ಇದ್ದರೆ ಎದುರಿಸುವ ಬಲ ಸುಮಾರು 167 ನ್ಯೂಟನ್. ನೂರು ಕಿಲೋಮೀಟರಿಗೆ 1.67 ಕೋಟಿ ಜೌಲ್. ಒಂದು ಯೂನಿಟ್ ವಿದ್ಯುತ್ ಅಂದರೆ 36 ಲಕ್ಷ ಜೌಲ್. ಹಾಗಾಗಿ ಟೈರ್ ಉರುಳಿಸಲಿಕ್ಕೇ 4.6 ಯೂನಿಟ್. ಅಗಲವಾದ, ಸ್ಪೋರ್ಟ್ಸ್ ಮಾದರಿಯ ಟೈರ್ ಹಾಕಿ ಗುಣಾಂಕ 0.012ಕ್ಕೆ ಏರಿತು ಅನ್ನಿ; ಅದು 5.6 ಯೂನಿಟ್ ಆಗುತ್ತದೆ. ಒಂದು ಯೂನಿಟ್ ಹೆಚ್ಚು.

ಚಿಕ್ಕಪ್ಪನ ಗಾಡಿ ನೂರು ಕಿ.ಮೀ.ಗೆ ಸುಮಾರು 14 ಯೂನಿಟ್ ತಿನ್ನುತ್ತದೆ. ಬ್ಯಾಟರಿ 30 ಕಿಲೋವ್ಯಾಟ್ ಅವರ್. ಎ.ಸಿ. ಹಾಕಿಕೊಂಡು ನಮ್ಮ ರಸ್ತೆಯಲ್ಲಿ ಸಿಗುವುದು ಇನ್ನೂರು ಕಿ.ಮೀ. 14 ಇದ್ದದ್ದು 15 ಆದರೆ ಹದಿಮೂರು ಕಿ.ಮೀ. ಖೋತಾ. ಪಾಂಡವಪುರದಿಂದ ಶ್ರೀರಂಗಪಟ್ಟಣದ ಮನೆಗೆ ಬರುವ ದೂರಕ್ಕಿಂತ ಸ್ವಲ್ಪ ಹೆಚ್ಚೇ ಅದು!

ಇದು ಪುಸ್ತಕದ ಲೆಕ್ಕ ಮಾತ್ರ ಅಲ್ಲ. ಅಮೆರಿಕದಲ್ಲಿ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್ ಕಾರಿಗೆ ಅಲ್ಲಿನ ಪರಿಸರ ಸಂಸ್ಥೆಯ ಪ್ರಮಾಣಪತ್ರದಲ್ಲಿ 19 ಇಂಚಿನ ಚಕ್ರಕ್ಕೆ 396 ಮೈಲಿ, 21 ಇಂಚಿನದ್ದಕ್ಕೆ 348 ಮೈಲಿ ರೇಂಜ್ ಕೊಟ್ಟಿದ್ದರು. ಕಾರು ಅದೇ, ಬ್ಯಾಟರಿ ಅದೇ. ಚಕ್ರ ಬದಲಾದದ್ದಕ್ಕೆ ನೂರಕ್ಕೆ ಹನ್ನೆರಡರಷ್ಟು ಕಡಿತ. ಅಲ್ಲಿ ಟೈರ್, ತೂಕದ ಜೊತೆ ಗಾಳಿಯ ಪಾತ್ರವೂ ಇದೆ. ಎಲೆಕ್ಟ್ರಿಕ್ ಗಾಡಿಗಳ ಮೂಲ ರಿಮ್ ಸ್ವಲ್ಪ ಮುಚ್ಚಿದ ಮುಖದ್ದಾಗಿರುವುದು ಇದಕ್ಕೇ. ಹುಡುಗರು ‘ತಟ್ಟೆ ತರ ಇದೆ’ ಅಂತ ಹಂಗಿಸುವ ಆ ವಿನ್ಯಾಸ ಗಾಳಿಯನ್ನು ಸಲೀಸಾಗಿ ದಾಟಿಸುತ್ತದೆ. ದೊಡ್ಡ ದೊಡ್ಡ ಕಿಂಡಿಯ ರಿಮ್ ಗಾಳಿಯನ್ನು ಕಲಕುತ್ತದೆ.

ತಾತ ಹೇಳಿದ ಟೈರ್ ಗಾಡಿ ಕತೆ

ಇಷ್ಟೆಲ್ಲ ಬರೆದುಕೊಂಡು ಚಿಕ್ಕಪ್ಪನ ಮನೆಗೆ ಹೋದೆ. ‘ನಾನು ಅವತ್ತು ಯೋಚ್ನೆ ಮಾಡ್ದೆ ಹೇಳ್ಬಿಟ್ಟೆ, ತಪ್ಪಾಯ್ತು ಚಿಕ್ಕಪ್ಪ’ ಅನ್ನುವುದಕ್ಕೆ ಬಾಯಿ ಬರಲು ಎರಡು ಲೋಟ ಕಾಫಿ ಬೇಕಾಯಿತು. ಚಿಕ್ಕಪ್ಪನ ಮಗ ಮುಖ ಊದಿಸಿಕೊಂಡ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಜಗಲಿ ಮೇಲೆ ಕೂತಿದ್ದ ತಾತ ಮಾತಾಡಿದರು.

ತಾತ ಒಂದು ಕಾಲಕ್ಕೆ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು. ಮೊದಲು ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಗಾಡಿ, ಆಮೇಲೆ ಟೈರ್ ಗಾಡಿ. ‘ಮರದ ಚಕ್ರ ಆಳೆತ್ರ ಇತ್ತು ಕಣ್ಲಾ. ನೋಡೋಕೆ ಅದೇ ಚೆಂದ. ಟೈರ್ ಗಾಡಿ ಬಂದಾಗ ಊರವ್ರೆಲ್ಲ ಇದೇನು ಕುಳ್ಳು ಗಾಡಿ ಅಂತ ನಕ್ಕಿದ್ರು. ಎತ್ತು ನಗ್ಲಿಲ್ಲ. ಅದೇ ಎತ್ತು, ಅದೇ ರಸ್ತೆ, ಹೊರೆ ಜಾಸ್ತಿ ಹಾಕಿದ್ರೂ ಎಳೀತಿದ್ವು. ಚಕ್ರ ಹೆಂಗೈತೆ ಅಂತ ಎತ್ತನ್ನ ಕೇಳ್ಬೇಕು.’

ಡನ್‌ಲಪ್ ಎಂಬಾತ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಉರುಳುವ ಪ್ರತಿರೋಧ ಅಂದರೇನು ಅಂತ ತಾತನಿಗೆ ಎತ್ತಿನ ಉಸಿರು ನೋಡಿಯೇ ಗೊತ್ತಿತ್ತು. ನಮ್ಮ ಎಲೆಕ್ಟ್ರಿಕ್ ಗಾಡಿಯಲ್ಲಿ ಎತ್ತಿನ ಜಾಗದಲ್ಲಿ ಬ್ಯಾಟರಿ ಇದೆ, ಅಷ್ಟೇ.

ಹಾಗಾದರೆ ರಿಮ್ ಬದಲಿಸಲೇಬಾರದೇ?

ಬದಲಿಸಬಹುದು. ಚೆಂದದ ಆಸೆ ತಪ್ಪಲ್ಲ. ಆದರೆ ಅಂಗಡಿಗೆ ಹೋಗುವ ಮೊದಲು ಕೆಲವು ವಿಷಯ ಬರೆದುಕೊಂಡು ಹೋಗಿ.

ಗಾಡಿಯ ಜೊತೆ ಬಂದ ಪುಸ್ತಕ, ಚಾಲಕನ ಬಾಗಿಲ ಬಳಿ ಅಂಟಿಸಿದ ಚೀಟಿ ನೋಡಿ. ಅದೇ ಮಾದರಿಗೆ ಕಂಪನಿ ಯಾವ ಅಳತೆಗಳನ್ನು ಒಪ್ಪಿದೆಯೋ ಅದರೊಳಗೇ ಇರುವುದು ಕ್ಷೇಮ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗಿ ವಾಹನ ಮಾರ್ಪಡಿಸುವುದಕ್ಕೆ ತಡೆ ಹಾಕುತ್ತದೆ. ವಿಮಾ ಕಂಪನಿಗೆ ತಿಳಿಸದೆ ಬದಲಿಸಿದರೆ ಮುಂದೆ ಕ್ಲೇಮಿನ ಸಮಯದಲ್ಲಿ ತಕರಾರು ಬರಬಹುದು.

ಲೋಡ್ ಇಂಡೆಕ್ಸ್ ಮೂಲಕ್ಕಿಂತ ಕಡಿಮೆ ಇರುವ ಟೈರ್ ಬೇಡವೇ ಬೇಡ. ಚಿಕ್ಕಪ್ಪನ ಗಾಡಿಗೆ ಒಂದೇ ಇಂಚು ಹೆಚ್ಚಿಸಿ 215/55 ಆರ್ 17 ಹಾಕಿದರೆ ವ್ಯಾಸದ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ಕಡಿಮೆ, ಸರಿ. ಆದರೆ ಆ ಅಳತೆಯ ಸಾಮಾನ್ಯ ಟೈರಿನ ಮೇಲೆ 94 ಇರುತ್ತದೆ, ಅಂದರೆ 670 ಕೆ.ಜಿ. ಎಕ್ಸ್‌ಎಲ್ ಆದರೆ 98, ಅಂದರೆ 750 ಕೆ.ಜಿ. ಕೇಳಿ ತಗೊಳ್ಳಬೇಕು.

ಟೈರಿಗಿರುವಂತೆ ರಿಮ್ಮಿಗೂ ಭಾರದ ಮಿತಿ ಇದೆ. ಒಳಮೈ ಮೇಲೆ ಅಚ್ಚು ಹಾಕಿರುತ್ತಾರೆ. ಅದು ಇಲ್ಲದ, ಬಿಐಎಸ್ ಗುರುತಿಲ್ಲದ ರಿಮ್ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ‘7 ಜೆ’ ಅಂತಿದ್ದರೆ ರಿಮ್ಮಿನ ಅಗಲ ಏಳು ಇಂಚು. ಟೈರಿನ ಅಗಲಕ್ಕೆ ಅದು ಹೊಂದಬೇಕು.

ಬೋಲ್ಟ್‌ಗಳ ವೃತ್ತದ ಅಳತೆಗೆ ಪಿಸಿಡಿ ಅನ್ನುತ್ತಾರೆ. ಸ್ವಿಫ್ಟ್‌ಗೆ ನಾಲ್ಕು ಬೋಲ್ಟ್, 100 ಮಿ.ಮೀ.; ಕ್ರೆಟಾಗೆ ಐದು ಬೋಲ್ಟ್, 114.3 ಮಿ.ಮೀ. ‘ಸ್ವಲ್ಪ ಅಡ್ಜಸ್ಟ್ ಮಾಡಿ ಕೂರಿಸ್ತೀವಿ’ ಅನ್ನುವ ಮಾತಿಗೆ ಒಪ್ಪಬೇಡಿ. ನಡುವಿನ ರಂಧ್ರ ಹಬ್ಬಿಗೆ ಸರಿಯಾಗಿ ಕೂರಬೇಕು. ದೊಡ್ಡದಿದ್ದರೆ ಅದಕ್ಕೆಂದೇ ಸಿಗುವ ಉಂಗುರ ಹಾಕಿಸಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಇ.ಟಿ. ಅಂತ ಬರೆದಿರುವುದು ಆಫ್‌ಸೆಟ್. ಅದು ತಪ್ಪಿದರೆ ಚಕ್ರ ಮಡ್‌ಗಾರ್ಡ್‌ನಿಂದ ಹೊರಗೆ ಚಾಚುತ್ತದೆ ಅಥವಾ ಒಳಗೆ ಉಜ್ಜುತ್ತದೆ, ಬೇರಿಂಗಿಗೆ ಹೊರೆ ಬೀಳುತ್ತದೆ.

ರಿಮ್ಮಿನ ತೂಕ ಕೇಳಿ. ಹೇಳಲು ಹಿಂದೇಟು ಹಾಕಿದರೆ ತೂಗಿಸಿ. ನಮ್ಮ ಊರುಗಳಲ್ಲಿ ತಕ್ಕಡಿಗೇನು ಬರ?

ಕೊನೆಯದಾಗಿ, ಆ ಅಳತೆಯ ಟೈರ್ ನಿಮ್ಮ ತಾಲ್ಲೂಕಿನ ಅಂಗಡಿಯಲ್ಲಿ ಸಿಗುತ್ತದೆಯೇ ವಿಚಾರಿಸಿ. ರಾತ್ರಿ ಹನ್ನೊಂದಕ್ಕೆ ಜಕ್ಕನಹಳ್ಳಿ ಹತ್ತಿರ ನಿಂತಾಗ ಈ ಪ್ರಶ್ನೆಯ ಬೆಲೆ ತಿಳಿಯುತ್ತದೆ.

ಐದು ಸಾವಿರದ ಪಾಠ

ಆರ್ಡರ್ ರದ್ದು ಮಾಡಿದೆವು. ಅಡ್ವಾನ್ಸ್‌ನಲ್ಲಿ ಅರ್ಧ ವಾಪಸ್ ಬಂತು. ಉಳಿದರ್ಧವನ್ನು ಸ್ಕಾಲರ್‌ಶಿಪ್ ಬಂದಾಗ ಕೊಡುತ್ತೇನೆ ಅಂದೆ. ‘ಅದು ನಿನ್ ಫೀಸು ಅಂದ್ಕೋ ಮಗ’ ಅಂತ ಚಿಕ್ಕಪ್ಪ ನಕ್ಕರು. ಚಿಕ್ಕಪ್ಪನ ಮಗನ ಮುಖ ಸರಿ ಮಾಡಲು ಮೂಲ ರಿಮ್ಮಿಗೇ ಕಪ್ಪು ಪೌಡರ್ ಕೋಟಿಂಗ್ ಮಾಡಿಸಿಕೊಟ್ಟರು. ನಾನು ಇನ್ನೂರೈವತ್ತು ರೂಪಾಯಿಯ ಒಂದು ಗಾಳಿ ಅಳೆಯುವ ಗೇಜ್ ತಂದುಕೊಟ್ಟೆ. ಗಾಳಿ ಕಡಿಮೆಯಾದರೂ ಟೈರ್ ಹೆಚ್ಚು ಶಕ್ತಿ ತಿನ್ನುತ್ತದೆ. ರೇಂಜ್ ಉಳಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಕಳೆದ ವಾರ ಚಿಕ್ಕಪ್ಪನ ಜೊತೆ ನಾನೂ ಆ ಸುತ್ತಿಗೆ ಹೋಗಿದ್ದೆ. ಹಿಂದಿನ ಸೀಟಿನಲ್ಲಿ ಅಜ್ಜಿ. ನಾಗಮಂಗಲದಲ್ಲಿ ಕೆಲಸ ಮುಗಿದಾಗ ಕತ್ತಲಾಗಿತ್ತು. ಜಕ್ಕನಹಳ್ಳಿ ದಾಟಿದ ಮೇಲೆ ಒಂದು ಗುಂಡಿಗೆ ಧಡ್ ಅಂತ ಇಳಿದೆವು. ಮೂವರೂ ಒಂದು ಕ್ಷಣ ಸುಮ್ಮನಾದೆವು. ಗಾಡಿ ಮುಂದೆ ಸಾಗಿತು. ‘ಇಷ್ಟ್ ದೊಡ್ ಗುಂಡಿ ಕಾಣ್ಲಿಲ್ವಾ ನಿಂಗೆ’ ಅಂತ ಅಜ್ಜಿ ಚಿಕ್ಕಪ್ಪನನ್ನು ಬೈದರು. ಮನೆ ಮುಟ್ಟಿದಾಗ ಓಡಿದ್ದು ಸುಮಾರು ನೂರಮೂವತ್ತು ಕಿಲೋಮೀಟರ್, ಬ್ಯಾಟರಿ ಉಳಿದದ್ದು ನೂರಕ್ಕೆ ಮೂವತ್ತನಾಲ್ಕು.

ಇಂಜಿನಿಯರಿಂಗ್ ಓದುವ ನಮ್ಮನ್ನು ಮನೆಯವರು ದಿನಕ್ಕೊಂದು ಪ್ರಶ್ನೆ ಕೇಳುತ್ತಾರೆ: ಯಾವ ಮೋಟರ್ ತರಲಿ, ಯಾವ ಇನ್ವರ್ಟರ್ ಒಳ್ಳೇದು, ಈ ರಿಮ್ ಹಾಕಿಸಲಾ? ನಮ್ಮ ಮಾತಿನ ಮೇಲೆ ಅವರು ದುಡ್ಡು ಹಾಕುತ್ತಾರೆ, ಆ ಗಾಡಿಯಲ್ಲಿ ಕೂರುತ್ತಾರೆ. ‘ಏನೂ ಆಗಲ್ಲ’ ಅನ್ನುವ ಮೊದಲು ಒಂದು ರಾತ್ರಿ ಸಮಯ ಕೇಳಿ, ಗೆಳೆಯರೇ. ‘ನಾಳೆ ನೋಡಿ ಹೇಳ್ತೀನಿ’ ಅಂದರೆ ಯಾರೂ ನಮ್ಮನ್ನು ಕಡಿಮೆ ಇಂಜಿನಿಯರ್ ಅಂದುಕೊಳ್ಳುವುದಿಲ್ಲ.